ಫೈಲಿನಿಂದ ತೆಗೆದ ಚೀಟಿ

ಮೂವತ್ನಾಲ್ಕು ವರ್ಷ ನಾನು ಪುಣೆಯ ನೀರಾವರಿ ಕಚೇರಿಯೊಂದರಲ್ಲಿ ಕಾಗದಗಳನ್ನು ಫೈಲಿಗೆ ಹಚ್ಚುವ ಕೆಲಸ ಮಾಡಿದೆ. ಕೊನೆಯ ಒಂಬತ್ತು ವರ್ಷ ಹೆಡ್‌ಕ್ಲಾರ್ಕ್. ಆ ಹುದ್ದೆಯ ಧರ್ಮಸೂತ್ರಗಳು ಎರಡೇ. ಸಾಹೇಬರ ಕಣ್ಣಿಗೆ ಬೀಳಬಾರದ ಕಾಗದ ಸಾಹೇಬರ ಮೇಜಿಗೆ ಹೋಗುವ ಫೈಲಿನಲ್ಲಿ ಇರಬಾರದು. ಆದರೆ ಯಾವ ಕಾಗದವನ್ನೂ ಹರಿಯಬಾರದು. ಹರಿದವನು ಸಿಕ್ಕಿಬೀಳುತ್ತಾನೆ, ಬೇರೆ ಫೈಲಿಗೆ ಹಚ್ಚಿದವನು ಪೆನ್ಶನ್ ತೆಗೆದುಕೊಳ್ಳುತ್ತಾನೆ. ನಿವೃತ್ತನಾದ ಮೇಲೆ ಈ ವಿದ್ಯೆಯನ್ನು ಬಿಬವೇವಾಡಿಯ ನಮ್ಮ ಮನೆಗೆ ತಂದೆ. ಮನೆಯವರು ಯಾರೂ ಕೇಳಿರಲಿಲ್ಲ. ಗ್ಯಾಸಿಗೊಂದು, ಲೈಟ್ ಬಿಲ್ಲಿಗೊಂದು, ಮಗನ ಸ್ಕೂಟರಿಗೊಂದು ಫೈಲಾಯಿತು. ಸೊಸೆ ಬಸುರಿಯಾದಾಗ ಆಕೆಯ ದವಾಖಾನೆಯ ಫೈಲೂ ಸಹಜವಾಗಿಯೇ ನನ್ನ ಕೈಗೆ ಬಂತು.

ಅದಕ್ಕೂ ಮುಂಚಿನದನ್ನು ಹೇಳಬೇಕು. ಮಗನ ಮದುವೆಯಾದ ಎರಡನೆಯ ವರ್ಷ ಸೊಸೆಯ ತಾಯಿ ಒಂದು ವಾರದ ಜ್ವರದಲ್ಲಿ ತೀರಿಕೊಂಡರು. ದಿನಕರ್ಮ ಮುಗಿಸಿಕೊಂಡು ಬಂದ ಸೊಸೆ ಮೊದಲಿನ ಸೊಸೆಯಾಗಿರಲಿಲ್ಲ. ಹಾಲು ಉಕ್ಕುತ್ತಿದ್ದರೆ ಒಲೆಯ ಮುಂದೆಯೇ ನಿಂತು ನೋಡುವಳು, ಆರಿಸುವಳಲ್ಲ. ತಲೆ ಬಾಚಿಕೊಳ್ಳುವುದನ್ನು ಬಿಟ್ಟಳು. ನನ್ನ ಹೆಂಡತಿ ದೃಷ್ಟಿ ತೆಗೆದಳು, ಹರಕೆ ಹೊತ್ತಳು, ನಿಂಬೆಹಣ್ಣು ಕೊಯ್ದಳು. ನಿಂಬೆಹಣ್ಣಿನಿಂದ ಆದ ಒಂದೇ ಪರಿಣಾಮವೆಂದರೆ ನಮಗೆಲ್ಲ ಹದಿನೈದು ದಿನ ಶರಬತ್ತು. ಕೊನೆಗೆ ಮಗ, ಶಿರೂರಿನ ಕಡೆಯ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುವವನು, ಯಾರಿಗೂ ಹೇಳದೆ ರಜೆ ಹಾಕಿ ಆಕೆಯನ್ನು ಸಾತಾರಾ ರಸ್ತೆಯ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದ. ದಿನಕ್ಕೊಂದು ಗುಳಿಗೆ. ಎರಡು ತಿಂಗಳಲ್ಲಿ ಸೊಸೆ ಮೆಂತ್ಯಸೊಪ್ಪಿನ ಕಟ್ಟು ಸಣ್ಣದಾಯಿತೆಂದು ಭಾಜಿಯವಳ ಸಂಗಡ ಜಗಳಕ್ಕೆ ನಿಂತಳು. ನಮ್ಮ ಮನೆತನದಲ್ಲಿ ಇದು ಪೂರ್ಣ ಆರೋಗ್ಯದ ಲಕ್ಷಣ.

ಗುಳಿಗೆ ಒಳ್ಳೆಯದು, ಗುಳಿಗೆಯ ಸುದ್ದಿ ಕೆಟ್ಟದ್ದು ಎಂದು ಮನೆಯಲ್ಲಿ ಸರ್ವಾನುಮತದಿಂದ ಠರಾವು ಪಾಸಾಯಿತು. ಸೊಸೆಯ ಮತ ಕೇಳುವ ಪದ್ಧತಿ ಇರಲಿಲ್ಲ.

ಮುಂದಿನ ವರ್ಷ ಆಕೆ ಬಸುರಿಯಾದಳು. ತಾನೇ ಮನೋವೈದ್ಯರ ಹತ್ತಿರ ಹೋಗಿ, ಗುಳಿಗೆ ಬಿಡಲೋ ಬೇಡವೋ ಎಂದು ಕೇಳಿದಳು. ಅವರು ಬಹಳ ಹೊತ್ತು ಮಾತಾಡಿ, ಗುಳಿಗೆಯಿಂದ ಮಗುವಿಗೆ ಇರುವ ಸಣ್ಣ ಅಪಾಯ, ಬಿಟ್ಟರೆ ತಾಯಿಗಿರುವ ದೊಡ್ಡ ಅಪಾಯ ಎರಡನ್ನೂ ಹೇಳಿ, ಏಕಾಏಕಿ ಬಿಡಬೇಡಿರೆಂದರು. ಹೆರಿಗೆಯ ಡಾಕ್ಟರಿಗೆ ಒಂದು ಚೀಟಿಯನ್ನೂ ಬರೆದುಕೊಟ್ಟರು: ಇವರಿಗೆ ಇಂಥ ಔಷಧ ಚಾಲೂ ಇದೆ, ಮುಂದುವರಿಸಲು ಹೇಳಿದ್ದೇನೆ, ಸರಿಯಾದ ತಿಂಗಳಲ್ಲಿ ಗರ್ಭದ ಮಗುವಿನ ಹೃದಯದ ಸ್ಕ್ಯಾನ್ ಮಾಡಿಸುವುದನ್ನು ದಯವಿಟ್ಟು ವಿಚಾರ ಮಾಡಿರಿ. ಕೆಳಗೆ ಸಹಿ, ಸಿಕ್ಕಾ. ಸೊಸೆ ಅದನ್ನು ನನ್ನ ಕೈಗೆ ಕೊಟ್ಟು, "ಮಾವಾರ, ಇದನ್ನ ಫೈಲಿಗೆ ಹಚ್ಚರಿ, ಡಾಕ್ಟರ್ ಬಾಯಾರು ನೋಡ್ಬೇಕು" ಎಂದಳು.

ನಾನು ಹಚ್ಚಿದೆ. ಆದರೆ ದವಾಖಾನೆಯ ಕೌಂಟರಿನಲ್ಲಿ ಕುಳಿತವಳು ನಮ್ಮ ಕನ್ನಡ ಸಂಘದ ಖಜಾಂಚಿಯ ಮಗಳು. ಕೌಂಟರಿನಲ್ಲಿ ಬೆಳಗ್ಗೆ ಕೊಟ್ಟ ಕಾಗದದ ಸಾರಾಂಶ ಸಂಜೆಯ ಭಜನೆಗೆ ಮುಂಚೆ ಸಂಘಕ್ಕೆ ಮುಟ್ಟುತ್ತದೆ. ಸರಕಾರದ ಯಾವ ಟಪಾಲೂ ಆ ವೇಗವನ್ನು ಕಂಡಿಲ್ಲ. ಮೂರು ಮಂದಿ ಮುಂದಿರುವಾಗ ನಾನು ಫೈಲು ಬಿಚ್ಚಿ ಆ ಒಂದು ಚೀಟಿಯನ್ನು ತೆಗೆದು ಅಂಗಿಯ ಜೇಬಿಗೆ ಇಟ್ಟೆ. ಸೊಸೆ ಆಗ ತೂಕ ನೋಡಿಸಿಕೊಳ್ಳುತ್ತಿದ್ದಳು. ಹುಡುಗಿ ಮರಾಠಿಯಲ್ಲಿ ಕೇಳಿದಳು, ಬೇರೆ ಔಷಧ ಏನಾದರೂ ಚಾಲೂ ಇದೆಯೆ ಎಂದು. "ಕಾಹೀ ನಾಹೀ," ಏನೂ ಇಲ್ಲ ಎಂದೆ. ಆಕೆ ಕಂಪ್ಯೂಟರಿನಲ್ಲಿ ಒತ್ತಿದಳು. ಮನೆಗೆ ಬಂದು ಚೀಟಿಗೆ ಎರಡು ತೂತು ಹಾಕಿ, 'ಇತರೆ' ಎಂಬ ಫೈಲಿಗೆ ಹಚ್ಚಿದೆ. ಹರಿಯಲಿಲ್ಲ. ಧರ್ಮಸೂತ್ರ.

ಮುಂದಿನ ತಿಂಗಳುಗಳಲ್ಲಿ ಹೆರಿಗೆಯ ಡಾಕ್ಟರ್ ಬಾಯಿಯವರ ಮುಂದೆ ಸೊಸೆಯ ಪರವಾಗಿ ನನ್ನ ಹೆಂಡತಿಯೇ ಉತ್ತರ ಕೊಡುತ್ತಿದ್ದಳು. ಬಸುರಿಗೆ ಹೊಟ್ಟೆ ಮಾತ್ರ ಇರುತ್ತದೆ, ಬಾಯಿ ಇರುವುದಿಲ್ಲ ಎಂಬುದು ಅವಳ ಸಿದ್ಧಾಂತ. ಡಾಕ್ಟರರು ಚೀಟಿ ಓದಿದ್ದಾರೆಂದೇ ಸೊಸೆ ನಂಬಿದ್ದಳು. ಐದನೆಯ ತಿಂಗಳಿನಲ್ಲಿ ಎಲ್ಲರಿಗೂ ಮಾಡುವ ಸ್ಕ್ಯಾನ್ ಆಯಿತು. ಚೀಟಿಯಲ್ಲಿದ್ದದ್ದು ಇದೇ ಎಂದುಕೊಂಡಳು. ಸೀಮಂತದ ಕುಬಸಕ್ಕೆ ಬಂಧುಗಳು ನೆರೆಯುವ ಮುಂಚೆ ಹೆಂಡತಿ ಆ ಗುಳಿಗೆಗಳನ್ನು ಬಿಡಿಸಿ ಕ್ಯಾಲ್ಸಿಯಂ ಡಬ್ಬಿಗೆ ತುಂಬಿದಳು. ಮೊಣಕಾಲು ನೋವಿನ ಒಬ್ಬ ಅತ್ತೆಮ್ಮ ನನಗೂ ಎರಡು ಕೊಡು ಎಂದು ಕೈಚಾಚಿ ನುಂಗಿ, ಸಂಜೆ ಹೊತ್ತಿಗೆ ಮೊಣಕಾಲು ಭಾಳ ಹಗುರಾತು ಎಂದು ಪ್ರಮಾಣಪತ್ರ ಕೊಟ್ಟರು.

ಮೊಮ್ಮಗಳು ಹುಟ್ಟಿದಳು. ಮೂರನೆಯ ದಿನ ಮಕ್ಕಳ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಹುಬ್ಬು ಗಂಟಿಕ್ಕಿದರು. ಹೃದಯದ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಸಣ್ಣ ತೂತು. ತಾನಾಗಿ ಮುಚ್ಚಿಕೊಂಡರೂ ಮುಚ್ಚಿಕೊಂಡೀತು, ಇಲ್ಲವಾದರೆ ಮುಂದೆ ಆಪರೇಶನ್, ಅಲ್ಲಿಯತನಕ ಮೂರು ತಿಂಗಳಿಗೊಮ್ಮೆ ತೋರಿಸಿರಿ ಎಂದರು. ಬಸುರಿಯಿದ್ದಾಗ ತಾಯಿ ಏನು ಔಷಧ ತೆಗೆದುಕೊಂಡಿದ್ದರು ಎಂದು ಕೇಳಿದರು. ಸೊಸೆ ಗುಳಿಗೆಯ ಹೆಸರನ್ನು ನೆಟ್ಟಗೆ ಹೇಳಿದಳು. ಅದೇ ವೇಳೆಗೆ ಬಾಗಿಲಲ್ಲಿ ಬಾಣಂತಿಗೆಂದು ಡಿಂಕಿನ ಉಂಡಿಯ ಡಬ್ಬಿ ಹಿಡಿದು ನಿಂತವರು ನನ್ನ ಷಡ್ಡಕರು.

ಹೆಂಡತಿಯ ತಂಗಿಯ ಗಂಡ. ಬಾರಾಮತಿಯಲ್ಲಿ ಸಕ್ಕರೆ ಕಾರ್ಖಾನೆಯೊಂದರಲ್ಲಿ ತೂಕದ ಕಾಟಾದ ಮೇಲಿದ್ದು ನಿವೃತ್ತರಾದವರು. ಕಬ್ಬಿನ ಗಾಡಿಯ ದಾವೆಯೊಂದರಲ್ಲಿ ಒಮ್ಮೆ ಸಾಕ್ಷಿ ಹೇಳಿದ್ದರು. ಅಂದಿನಿಂದ ಕಾನೂನು ಅವರ ಸ್ವಂತ ಆಸ್ತಿ. ಆ ದಿನ ಮನೆಗೆ ಬಂದವರೇ ಮೊಬೈಲಿನಲ್ಲಿ ಅಮೆರಿಕದ ವಕೀಲರ ಜಾಹೀರಾತುಗಳನ್ನು ಹುಡುಕಿ ತೆಗೆದರು. ಬಸುರಿನಲ್ಲಿ ಇಂಥ ಗುಳಿಗೆ ತೆಗೆದುಕೊಂಡಿರಾ, ಮಗುವಿಗೆ ಇಂಥ ದೋಷವಿದೆಯೆ, ನಿಮಗೆ ಪರಿಹಾರ ಸಿಕ್ಕೀತು, ಸಲಹೆ ಪುಕ್ಕಟೆ.

"ಅಣ್ಣಾರ, ಇದು ಜಗತ್ತಿನ್ಯಾಗ ಎಲ್ಲಾರಿಗೂ ಗೊತ್ತದ, ನಮಗಷ್ಟ ಗೊತ್ತಿಲ್ಲ," ಎಂದರು. "ಅಲ್ಲೆ ಕಂಪನಿ ನೆಲಕ್ಕ ಹಣಿ ಹಚ್ಚಿ ರೊಕ್ಕ ಕೊಡತಾವ್ರಿ."

"ಅದು ಅಮೇರಿಕಾರೀ."

"ಗುಳಿಗಿ ಅದಽ ಅಲ್ಲೇನ್ರಿ?"

ಅವರು ಬಾರಾಮತಿಯ ವಿಳಾಸ ಹಾಕಿ ಒಂದು ಫಾರ್ಮನ್ನು ತುಂಬಿಯೂ ಬಿಟ್ಟರು. ಎರಡು ದಿನಕ್ಕೆ ಉತ್ತರ ಬಂತು: ತಮ್ಮ ದುಃಖದಲ್ಲಿ ನಾವು ಭಾಗಿ, ತಮ್ಮ ಊರು ನಮ್ಮ ವ್ಯಾಪ್ತಿಯಲ್ಲಿಲ್ಲ. ಷಡ್ಡಕರು ಅದನ್ನು ಅರ್ಧ ಗೆಲುವೆಂದು ಭಾವಿಸಿ ಶಿವಾಜಿನಗರದ ಕೋರ್ಟಿನ ಹತ್ತಿರ ಒಬ್ಬ ವಕೀಲೆಯನ್ನು ಗೊತ್ತುಮಾಡಿದರು. ಸೊಲ್ಲಾಪುರದ ಕಡೆಯವಳು, ಮೂವತ್ತೈದರ ಹೆಣ್ಣುಮಗಳು, ಮನೆಮಾತು ನಮ್ಮದೇ. ಇಷ್ಟಾಗುವಷ್ಟರಲ್ಲಿ ಮೊಮ್ಮಗಳಿಗೆ ಎಂಟು ತಿಂಗಳಾಗಿತ್ತು. ನಾನು, ಸೊಸೆ, ಷಡ್ಡಕರು ಹೋದೆವು.

ವಕೀಲೆ ಎಲ್ಲ ಕೇಳಿಕೊಂಡು ಸೊಸೆಯನ್ನೇ ನೋಡಿ ಮಾತಾಡಿದಳು. "ಅಕ್ಕಾರ, ದಾರಿ ಅವ. ರೊಕ್ಕ ಕೊಟ್ಟು ತೋರಿಸಿದ ದವಾಖಾನಿ, ಹಿಂಗಾಗಿ ಗ್ರಾಹಕ ಆಯೋಗಕ್ಕ ಹೋಗಾಕ ಬರ್ತದ. ತಪ್ಪು ನಡೆದಾಗಿಂದ ಎರಡು ವರ್ಷದಾಗ ಹಾಕ್ಬೇಕು. ತಡಾ ಆದ್ರ ಯಾಕ ಆತು ಅಂತ ಅವರಿಗೆ ಒಪ್ಪಿಸ್ಬೇಕಾಗ್ತದ."

"ಪೊಲೀಸ್ ಕೇಸ್?" ಷಡ್ಡಕರು ಕುರ್ಚಿಯ ತುದಿಗೆ ಬಂದರು.

"ಕಾಕಾ, ಡಾಕ್ಟರ್ ಮ್ಯಾಲೆ ಅದು ಹಂಗ ಆಗೂದಿಲ್ಲ. ಮೊದಲ ಬ್ಯಾರೆ ಡಾಕ್ಟರ್ ಅಭಿಪ್ರಾಯ ತರಬೇಕು, ಅದೂ ಭಾರಿ ನಿರ್ಲಕ್ಷ್ಯ ಇರಬೇಕು. ಸಿಟ್ಟಿನಿಂದ ಮಾಡೂ ಕೆಲಸ ಅಲ್ಲ. ವೈದ್ಯಕೀಯ ಪರಿಷತ್ತಿಗೆ ದೂರು ಕೊಡ್ಬಹುದು. ಅವರು ಡಾಕ್ಟರನ್ನ ವಿಚಾರಣಿ ಮಾಡತಾರ, ಪರಿಹಾರ ಕೊಡೂದಿಲ್ಲ."

"ಮತ್ತ ಕಂಪನಿ?"

"ಕಂಪನಿ ಮ್ಯಾಲೂ ಕಾಯ್ದೆ ಅದ. ಆದ್ರ ಡಾಕ್ಟರ್ ಚೀಟಿ ಮ್ಯಾಲೆ ಮಾತ್ರ ಕೊಡೂ ಔಷಧ ಇದ್ದು, ಕಂಪನಿ ಡಾಕ್ಟರಿಗೆ ಎಚ್ಚರಿಕಿ ತಿಳಿಸಿದ್ರ, ಎಚ್ಚರಿಸಲಿಲ್ಲ ಅಂತ ಅದನ್ನ ಹಿಡಿಯಾಕ ಬರೂದಿಲ್ಲ." ಅವಳು ಪೆನ್ನು ಕೆಳಗಿಟ್ಟಳು. "ಇವೆಲ್ಲಾ ದಾರಿ ಒಂದಽ ಅಗಸಿ ಬಾಗಲ ಮುಂದ ಬಂದು ನಿಲ್ತಾವ. ಈ ಕೂಸಿನ ಎದಿಯೊಳಗಿನ ತೂತು ಈ ಗುಳಿಗಿಯಿಂದಽ ಆತು ಅಂತ ಒಬ್ಬ ತಜ್ಞ ಬರದುಕೊಡ್ಬೇಕು. ಗುಳಿಗಿ ತಗೊಳ್ಳದ ತಾಯಂದ್ರ ಕೂಸಿಗೂ ಆಗ್ತದಲ್ರಿ, ಅದು ಭಾಳ ತೊಡಕಿನ ಮಾತು. ಮೊದಲ ದವಾಖಾನಿ ಕಾಗದ ತರಿಸ್ರಿ. ಬರದು ಕೇಳಿದ್ರ ಎಪ್ಪತ್ತೆರಡು ತಾಸಿನ್ಯಾಗ ಕೊಡ್ಬೇಕು ಅಂತ ನಿಯಮ ಅದ."

ಸೊಸೆ ಒಂದೇ ಮಾತು ಕೇಳಿದಳು. "ನಾ ನುಂಗಿದ್ದಕ್ಕಽ ಆತೇನ್ರಿ?"

"ಅದನ್ನ ನಾ ಹೇಳಾಕ ಬರೂದಿಲ್ಲ ಅಕ್ಕಾರ. ಕೋರ್ಟೂ ಖಾತ್ರಿಲೆ ಹೇಳೀತು ಅಂತ ನನಗ ಅನಸೂದಿಲ್ಲ."

ದವಾಖಾನೆಯ ಕಾಗದಗಳಿಗೆ ಅರ್ಜಿ ಬರೆದವನು ನಾನೇ. ಅರ್ಜಿ ನನ್ನ ಜೀವನದ ಉತ್ತಮ ಅರ್ಜಿಗಳಲ್ಲೊಂದು. ವಿಷಯ, ಉಲ್ಲೇಖ, ಮಹೋದಯ ಎಲ್ಲ ಇದ್ದವು. ತನ್ನನ್ನೇ ಹಿಡಿದುಕೊಡುವ ಕಾಗದವನ್ನು ತನ್ನ ಕೈಯಿಂದಲೇ ಇಷ್ಟು ಅಂದವಾಗಿ ತರಿಸಿಕೊಂಡ ಗುಮಾಸ್ತ ಇನ್ನೊಬ್ಬನಿರಲಾರ. ಮೂರನೆಯ ದಿನ ಪ್ರತಿಗಳು ಬಂದವು. ಮೊದಲ ಪುಟದಲ್ಲೇ ಇತ್ತು: ಚಾಲೂ ಇರುವ ಔಷಧಗಳು, ಇಲ್ಲ.

ಷಡ್ಡಕರು ಅದನ್ನು ನಮ್ಮ ನಡುಮನೆಯಲ್ಲಿ ಕುಳಿತು ಎರಡು ಸಲ ಓದಿದರು. "ಅಣ್ಣಾರ, ಕೇಸ್ ಮುಗೀತು. ಡಾಕ್ಟರ್ ಮುಂದ ಈಕಿ ಮುಚ್ಚಿಟ್ಟಾಳ."

"ನಾ ಮುಚ್ಚಿಟ್ಟಿಲ್ರಿ ಕಾಕಾ," ಎಂದಳು ಸೊಸೆ. "ಚೀಟಿ ಫೈಲಿನ್ಯಾಗ ಇತ್ತು."

"ಇದ್ರ ಇಲ್ಲಿ ಯಾಕ ಇಲ್ಲ ಅಂತ ಬರೀತಾರವಾ? ಕಂಪ್ಯೂಟರ್ ಸುಳ್ಳ ಹೇಳ್ತದೇನು?"

ನನ್ನ ಹೆಂಡತಿ ಗೋದಿ ಆರಿಸುತ್ತ, "ತಲಿ ಸರಿ ಇರಲಿಲ್ಲ ಆಗ, ಕೊಟ್ಟೆ ಅಂತ ಅನಿಸಿರಬೇಕು," ಎಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಸಮಾಧಾನಕ್ಕೆಂದೇ ಅಂದದ್ದು. ನಮ್ಮಲ್ಲಿ ಸಮಾಧಾನದ ಮಾತುಗಳಿಗೆ ಕಾನೂನಿನ ನಿಯಂತ್ರಣವಿಲ್ಲ.

ನಾನು ಏನಂದೆ? ನಾನು ಕನ್ನಡಕ ಒರೆಸಿಕೊಂಡೆ. ಮೂವತ್ನಾಲ್ಕು ವರ್ಷದ ಸೇವೆಯಲ್ಲಿ ಸಾಹೇಬರು ಇದು ಯಾರ ಕೆಲಸ ಎಂದು ಗರ್ಜಿಸಿದಾಗಲೆಲ್ಲ ಮಾಡಿದ ಕೆಲಸ ಅದೇ. ಎರಡು ಅಡಿ ದೂರದ ಕಪಾಟಿನಲ್ಲಿ, ಮೇಲಿಂದ ಮೂರನೆಯ ಫೈಲಿನಲ್ಲಿ, ಸಹಿ ಸಿಕ್ಕಾ ಸಮೇತ ಆ ಚೀಟಿ ಮಲಗಿತ್ತು.

ಸೊಸೆ ಅಂದಿನಿಂದ ಗುಳಿಗೆ ಬಿಟ್ಟಳು. ಯಾರನ್ನೂ ಕೇಳಲಿಲ್ಲ. ಮಗುವಿಗೆ ಹಾಲು ಕೊಡುವುದು, ಬಟ್ಟೆ ಬದಲಿಸುವುದು ನಡೆಯುತ್ತಿತ್ತು. ಆದರೆ ಭಾಜಿಯವಳು ಬಾಗಿಲಲ್ಲಿ ಬಂದು ಕೂಗಿದರೆ, ಕೊಟ್ಟದ್ದನ್ನು ತೂಗದೆ ತೆಗೆದುಕೊಂಡು ಒಳಗೆ ಬರತೊಡಗಿದಳು. ಭಾಜಿಯವಳೇ ಗಾಬರಿಯಾಗಿ ನನ್ನನ್ನು ಕೇಳಿದಳು, ಸುನಬಾಯಿಗೆ, ಅಂದರೆ ನಿಮ್ಮ ಸೊಸೆಗೆ, ಮೈಯಲ್ಲಿ ಹುಷಾರಿಲ್ಲವೇ ಎಂದು. ಮಗ ಪಾಳಿ ಮುಗಿಸಿ ಬಂದು ಹೆಂಡತಿಯನ್ನು ನೋಡುವನು, ನನ್ನನ್ನು ನೋಡುವನು, ಉಂಡು ಮಲಗುವನು. ಷಡ್ಡಕರು ಫೋನಿನಲ್ಲಿ ಹೊಸ ಯೋಜನೆ ಹೇಳಿದರು: ಹೆರಿಗೆಯ ಡಾಕ್ಟರ್ ತಪ್ಪಿಸಿಕೊಂಡರೇನಂತೆ, ಮನೋವೈದ್ಯನನ್ನು ಹಿಡಿಯೋಣ, ಹೆರಿಗೆಯ ಡಾಕ್ಟರಿಗೆ ಯಾಕೆ ತಿಳಿಸಲಿಲ್ಲವೆಂದು ನೋಟೀಸು ಕೊಡೋಣ. ಅದನ್ನು ಕೇಳಿ ನಾನು ಹೆದರಿದೆ. ಪಶ್ಚಾತ್ತಾಪದಿಂದಲ್ಲ; ಯಾವ ಚೀಟಿಗೂ ಕಚೇರಿಯಲ್ಲಿ ಒಂದು ಪ್ರತಿ ಇರುತ್ತದೆ ಎಂಬ ವೃತ್ತಿಜ್ಞಾನದಿಂದ. ಇದನ್ನು ಇಲ್ಲಿ ಬರೆದಿಡುವುದು ಅವಶ್ಯ, ಯಾಕೆಂದರೆ ಮುಂದೆ ನಾನು ಮಾಡಿದ್ದನ್ನು ಓದಿ ಯಾರಾದರೂ ನನ್ನನ್ನು ಒಳ್ಳೆಯವನೆಂದುಕೊಂಡಾರು.

ಒಂದು ಮಧ್ಯಾಹ್ನ ಹೆಂಡತಿ ಮಲಗಿದ್ದಾಗ ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಮುಂದೆ ಬಂದು ನಿಂತಳು.

"ಮಾವಾರ, ಒಂದು ಕೇಳ್ತೀನ್ರಿ. ಸಿಟ್ಟಾಗಬ್ಯಾಡ್ರಿ."

"ಕೇಳವಾ."

"ನಾ ಆ ಚೀಟಿ ನಿಮ್ಮ ಕೈಯಾಗ ಕೊಟ್ಟಿದ್ನೇನ್ರಿ? ಕೊಟ್ಟಂಗ ನೆನಪದ. ನೀವು ಅಂಗಳದಾಗ ಕುಂತಿದ್ರಿ, ಪಂಚಿಂಗ್ ಮಷೀನ್ ತರಾಕ ಎದ್ರಿ, ಅದೂ ನೆನಪದ. ಆದ್ರ ಎಲ್ಲಾರೂ ಇಲ್ಲ ಅಂತಾರ. ಖರೇನಽ ಕೊಟ್ನೋ, ನನ್ನ ತಲಿಯೊಳಗಷ್ಟ ಕೊಟ್ನೋ, ತಿಳೀವಲ್ದು. ತಲಿಯೊಳಗಷ್ಟ ಇದ್ರ ಹೇಳ್ರಿ, ನಾ ಕೂಸಿನ್ನ ಒಬ್ಬಾಕಿನಽ ಇಟಗೊಂಡು ಇರೂದು ಬರೋಬ್ಬರಿ ಅಲ್ಲ."

ಆಕೆ ಅಳಲಿಲ್ಲ. ಅತ್ತಿದ್ದರೆ ನಾನು ಸಮಾಧಾನ ಹೇಳಿ ಪಾರಾಗುತ್ತಿದ್ದೆ. ಕಚೇರಿಯಲ್ಲಿ ಫೈಲು ಎಲ್ಲಿದೆ ಎಂದು ಕೇಳುವವರು ಕೇಳುವ ಹಾಗೆ, ಮರ್ಯಾದೆಯಿಂದ ಕೇಳಿದಳು. ನಾನು ಎದ್ದು ಕಪಾಟು ತೆರೆದೆ. 'ಇತರೆ' ಫೈಲಿನಲ್ಲಿ ಚೀಟಿಯ ಮೇಲೆ ಸತ್ತುಹೋದ ರೇಡಿಯೋದ ಗ್ಯಾರಂಟಿ ಕಾರ್ಡಿತ್ತು, ಕೆಳಗೆ ಮನೆಯ ಬಣ್ಣದವನ ಕೊಟೇಶನ್ನು. ಬಿಡಿಸಿ ಆಕೆಯ ಕೈಗೆ ಕೊಟ್ಟೆ.

"ನೀ ಕೊಟ್ಟಿದ್ದಿವಾ. ನಾನಽ ತಗದೆ. ಕೌಂಟರಿನ್ಯಾಗ ಖಜಾಂಚಿ ಮಗಳಿದ್ಲು."

ಸೊಸೆ ಚೀಟಿಯನ್ನು ಓದಿದಳು. ಎರಡು ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ನನ್ನ ತಲಿ ಸರಿ ಅದ ಅಂದಂಗಾತು," ಎಂದಳು. ನನ್ನ ಕಡೆ ನೋಡಲಿಲ್ಲ.

ಮಾರನೆಯ ದಿನ ನಾನು ಬರುತ್ತೇನೆಂದರೂ ಬೇಡವೆಂದು, ಮಗನಿಗೆ ರಜೆ ಹಾಕಿಸಿ, ಇಬ್ಬರೂ ಹೆರಿಗೆಯ ಡಾಕ್ಟರ್ ಬಾಯಿಯವರ ಹತ್ತಿರ ಹೋದರು. ಅಲ್ಲಿ ನಡೆದದ್ದನ್ನು ಮಗ ಹೇಳಿದ. ಡಾಕ್ಟರು ಚೀಟಿ ಓದಿ, ಇದು ಬಂದಿದ್ದರೂ ಗುಳಿಗೆಯನ್ನು ನಾನು ನಿಲ್ಲಿಸುತ್ತಿರಲಿಲ್ಲ ಎಂದರಂತೆ. ಹೃದಯದ ಸ್ಕ್ಯಾನ್ ಮಾತ್ರ ಮಾಡಿಸುತ್ತಿದ್ದೆ. ತೂತು ಅಷ್ಟು ಸಣ್ಣದು, ಕಂಡರೂ ಕಾಣುತ್ತಿತ್ತು, ಕಾಣದೆಯೂ ಇರುತ್ತಿತ್ತು. ಕಂಡಿದ್ದರೆ ತಾಯಿಗೆ ಮೊದಲೇ ತಿಳಿದಿರುತ್ತಿತ್ತು, ಮೂರನೆಯ ದಿನ ಬಾಗಿಲಲ್ಲಿ ನಿಂತ ಬಂಧುಗಳೆದುರು ತಿಳಿಯುತ್ತಿರಲಿಲ್ಲ. ಗುಳಿಗೆಯಿಂದಲೇ ಆಯಿತೆಂದಾಗಲಿ, ಗುಳಿಗೆಯಿಂದ ಅಲ್ಲವೆಂದಾಗಲಿ ಈ ಮಗುವಿನ ಬಗ್ಗೆ ಆಣೆ ಮಾಡಿ ಹೇಳುವವರು ಯಾರೂ ಇಲ್ಲ, ಹೇಳಿದರೆ ನಂಬಬೇಡಿ. ಈಗ ಗುಳಿಗೆ ಬಿಟ್ಟದ್ದು ಮಾತ್ರ ತಪ್ಪು, ಇಂದೇ ನಿಮ್ಮ ಡಾಕ್ಟರನ್ನು ಕಾಣಿರಿ. ಅಲ್ಲಿಂದ ಹಾಗೆಯೇ ಸಾತಾರಾ ರಸ್ತೆಗೆ ಹೋಗಿ ಬಂದರು.

ಷಡ್ಡಕರು ನೋಟೀಸಿನ ಕರಡು ಹಿಡಿದು ಬಾರಾಮತಿಯಿಂದ ಬಸ್ಸಿಗೆ ಬಂದರು. ಸೊಸೆಯೊಡನೆ ಮೂವರೂ ಮತ್ತೆ ಶಿವಾಜಿನಗರಕ್ಕೆ ಹೋದೆವು; ವಕೀಲೆಯ ಮುಂದೆ ನಾನು ಚೀಟಿಯ ಚರಿತ್ರೆಯನ್ನು ನಿವೇದಿಸಿದೆ. ಅವಳು ಪೂರ್ತಿ ಕೇಳಿದಳು.

"ಹಂಗಾದ್ರ ಕಾಕಾ, ಮನಸಿನ ಡಾಕ್ಟರು ತಮ್ಮ ಕೆಲಸ ಮಾಡ್ಯಾರ. ಹೆರಿಗಿ ಡಾಕ್ಟರಿಗೆ ಚೀಟಿ ಮುಟ್ಟೇ ಇಲ್ಲ, ಕೇಳಿದ್ದಕ್ಕ ಇಲ್ಲ ಅಂದೀರಿ. ಔಷಧದ ಜೋಡಿ ಬರೂ ಕಾಗದದಾಗ ಎಚ್ಚರಿಕಿ ಅಚ್ಚಾಗ್ಯದ. ಯಾರ ಮ್ಯಾಲೆ ಹಾಕೂನು ಹೇಳ್ರಿ."

ಷಡ್ಡಕರು ಕರಡನ್ನು ಮಡಚಿದರು, ಬಿಚ್ಚಿದರು. ಅಷ್ಟು ದೂರ ಬಸ್ಸಿನಲ್ಲಿ ಬಂದ ಮನುಷ್ಯ ಬರಿಗೈಯಲ್ಲಿ ಹೋಗುವುದು ಅವರಿಗೆ ಒಗ್ಗಲಿಲ್ಲ. "ಬಾಯಾರ, ಹಿಂಗ ಕೇಳ್ತೀನಿ, ತಪ್ಪ ತಿಳೀಬ್ಯಾಡ್ರಿ. ಮಾವನ ಮ್ಯಾಲೆ ಹಾಕಾಕ ಏನರ ಅದೇನ್ರಿ ಕಾಯ್ದೆದಾಗ?"

"ನನಗ ತಿಳಿದಂಗ ಇದಕ್ಕ ಕಲಮು ಇಲ್ಲ ಕಾಕಾ," ಎಂದಳು ವಕೀಲೆ. ನನ್ನ ಪರವಾಗಿ ಬೇಸರಪಟ್ಟಳೋ, ಕಾಯ್ದೆಯ ಪರವಾಗಿಯೋ, ಹೇಳಲಾರೆ. ಸೊಸೆಯ ಕಡೆ ತಿರುಗಿ, "ಅಕ್ಕಾರ, ನಿಮಗೇನು ಬೇಕು?" ಎಂದಳು.

"ನಾ ಮುಚ್ಚಿಟ್ಟಿಲ್ಲ ಅಂತ ಬರದಿರಬೇಕ್ರಿ," ಎಂದಳು ಸೊಸೆ. "ಕೋರ್ಟಿಗಲ್ಲ. ಮನೀಗೆ."

ಹೀಗೆ ನನ್ನ ಸೇವೆಯ ಕೊನೆಯ ಕರಡನ್ನು ನಿವೃತ್ತಿಯ ಆರನೆಯ ವರ್ಷದಲ್ಲಿ ಬರೆಯಬೇಕಾಯಿತು. ಒಂದು ಬೆಳಗ್ಗೆ ಪೂರ್ತಿ ಹಿಡಿಯಿತು. ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ಚೀಟಿಯನ್ನು ನನ್ನ ಸೊಸೆಯು ದವಾಖಾನೆಯ ಫೈಲಿಗಾಗಿ ನನ್ನ ವಶಕ್ಕೆ ಕೊಟ್ಟಿದ್ದು, ನನ್ನ ಕೈಯಿಂದ ಅಚಾತುರ್ಯವಾಗಿ ಅದು ಬೇರೆ ಫೈಲಿಗೆ ಸೇರಿ, ತತ್ಪರಿಣಾಮವಾಗಿ ಡಾಕ್ಟರರಿಗೆ ಮಾಹಿತಿ ತಲುಪದೆ ಹೋಗಿರುತ್ತದೆ. ಮೂರು ಪ್ರತಿ: ಒಂದು ಷಡ್ಡಕರಿಗೆ, ಒಂದು ನನ್ನ ಹೆಂಡತಿಗೆ, ಒಂದು ಸೊಸೆಗೆ. ನನ್ನ ಮಟ್ಟಿಗೆ ಇದು ಶಾಸನ ಕೆತ್ತುವ ದರ್ಜೆಯ ಬರವಣಿಗೆ.

ಸೊಸೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಿದಳು. ಪೆನ್ನು ಕೇಳಿದಳು. 'ಅಚಾತುರ್ಯವಾಗಿ' ಎಂಬುದರ ಮೇಲೆ ಗೆರೆ ಎಳೆದು 'ಬೇಕಂತಲೆ' ಎಂದು ಬರೆದಳು. 'ಸೇರಿ' ಎಂಬುದನ್ನು ಹೊಡೆದು 'ಸೇರಿಸಿ' ಮಾಡಿದಳು. ಅಷ್ಟು ಮಾಡಿ ನನಗೆ ತಿರುಗಿ ಕೊಟ್ಟಳು.

"ಮೂರೂ ಪ್ರತಿಯೊಳಗ ತಿದ್ದರಿ ಮಾವಾರ. ಆಮ್ಯಾಲೆ ಓದಿ ಹೇಳ್ರಿ. ಅತ್ತ್ಯಾರ ಮುಂದ, ಕಾಕಾರ ಮುಂದ. ನೀವಽ."

ನನ್ನ ಸೇವಾವಧಿಯಲ್ಲಿ ಎಷ್ಟೋ ಸಾಹೇಬರು ನನ್ನ ಕರಡುಗಳನ್ನು ತಿದ್ದಿದ್ದಾರೆ. ಇಷ್ಟು ಕಡಿಮೆ ಶಾಯಿಯಲ್ಲಿ ಯಾರೂ ತಿದ್ದಿರಲಿಲ್ಲ. ತಿದ್ದಿದೆ. ನಡುಮನೆಯಲ್ಲಿ ನಿಂತು ಓದಿದೆ. 'ಬೇಕಂತಲೆ' ಬಂದಲ್ಲಿ ಧ್ವನಿ ಸಣ್ಣದಾಯಿತು. ಸೊಸೆ, "ಕೇಳಸಲಿಲ್ರಿ," ಎಂದಳು. ಇನ್ನೊಮ್ಮೆ ಓದಿದೆ. ಷಡ್ಡಕರು ತಮ್ಮ ಪ್ರತಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಕೊನೆಯ ಬಸ್ಸಿದೆಯೆಂದು ಎದ್ದರು. ಆಗಿನ್ನೂ ನಾಲ್ಕು ಗಂಟೆ. ಹೆಂಡತಿ ತನ್ನ ಪ್ರತಿಯನ್ನು ಮಡಚಿ ಸೆರಗಿಗೆ ಸಿಕ್ಕಿಸಿಕೊಂಡಳು. ಆಮೇಲೆ ಸೊಸೆಗೆ, "ಚಾ ಇಡ್ಲೇನವಾ?" ಎಂದು ಕೇಳಿದಳು. ಆ ಮನೆಯಲ್ಲಿ ಆ ಪ್ರಶ್ನೆ ಆ ದಿಕ್ಕಿನಿಂದ ಬಂದದ್ದು ಅದೇ ಮೊದಲು.

"ಇಡ್ರಿ," ಎಂದಳು ಸೊಸೆ. "ಸಕ್ಕರಿ ಕಡಿಮಿ."